ಮೈಎಸ್‌ಕ್ಯೂಎಲ್ ಖಾತೆ: ದೊಡ್ಡಕ್ಷರ, ಸಣ್ಣಕ್ಷರ ಎಲ್ಲಿ ಮುಖ್ಯ?

ಪ್ರಶ್ನೆ: ನಮಸ್ಕಾರ. ನಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್‌ನಲ್ಲಿ ವರದಿಗಳಿಗೆಂದೇ ಒಂದು ಖಾತೆಯಿದೆ. ಅದರ ಬಳಕೆದಾರ ಹೆಸರಿನ ಮೊದಲ ಅಕ್ಷರ ದೊಡ್ಡದು. ಖಾತೆ ರಚಿಸುವಾಗ ಕ್ಲೈಂಟ್ ಯಂತ್ರದ (ಸರ್ವರ್‌ಗೆ ಸಂಪರ್ಕಿಸುವ ಕಂಪ್ಯೂಟರಿನ) ಹೋಸ್ಟ್ ಹೆಸರನ್ನೂ ದೊಡ್ಡಕ್ಷರಗಳಲ್ಲಿ ಕೊಡಲಾಗಿತ್ತು. ಯಂತ್ರಗಳ ಹೆಸರುಗಳನ್ನು ವಿಳಾಸಗಳಿಗೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಅದು ಸಣ್ಣಕ್ಷರಗಳಲ್ಲಿದೆ. ಅಪ್ಲಿಕೇಶನ್ ಬಳಕೆದಾರ ಹೆಸರನ್ನು ಪೂರ್ತಿ ಸಣ್ಣಕ್ಷರಗಳಲ್ಲಿ ಕಳುಹಿಸುತ್ತದೆ. 'ಆಕ್ಸೆಸ್ ಡಿನೈಡ್' ಎಂದು ಬರುತ್ತಿದ್ದು, ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನವಾಗಿಲ್ಲ. ದೋಷ ಹೋಸ್ಟ್ ಹೆಸರಿನದೇ?

ಉತ್ತರ: ಅಲ್ಲ, ದೋಷ ಬಳಕೆದಾರ ಹೆಸರಿನದು. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆಯೆಂದರೆ ಬಳಕೆದಾರ ಹೆಸರು ಮತ್ತು ಹೋಸ್ಟ್ ಹೆಸರು ಎರಡೂ ಸೇರಿದ ಜೋಡಿ. ಆದರೆ ಈ ಎರಡು ಭಾಗಗಳನ್ನು ಸರ್ವರ್ ಹೋಲಿಸುವ ರೀತಿ ಬೇರೆ ಬೇರೆ. ಬಳಕೆದಾರ ಹೆಸರಿನಲ್ಲಿ ಒಂದೇ ಒಂದು ಅಕ್ಷರ ದೊಡ್ಡದಿದ್ದರೂ ಅದು ಬೇರೆಯೇ ಹೆಸರಾಗುತ್ತದೆ. ಹೋಸ್ಟ್ ಹೆಸರಿನಲ್ಲಿ ಈ ಭೇದವಿಲ್ಲ, ಏಕೆಂದರೆ ಡಿಎನ್‌ಎಸ್ ವ್ಯವಸ್ಥೆಯೇ 1987ರ ತನ್ನ ನಿಯಮಗಳಿಂದ ಇಂದಿನವರೆಗೂ ಹೆಸರುಗಳನ್ನು ಅಕ್ಷರಭೇದವಿಲ್ಲದೆ ಹೋಲಿಸುತ್ತ ಬಂದಿದೆ.

ಖಾತೆಯೇ ಇಲ್ಲದಿದ್ದರೂ, ಪಾಸ್‌ವರ್ಡ್ ತಪ್ಪಿದ್ದರೂ ಸರ್ವರ್ ಕೊಡುವ ಸಂದೇಶ ಒಂದೇ ಆಗಿರುವುದರಿಂದ ಎಲ್ಲರೂ ಮೊದಲು ಪಾಸ್‌ವರ್ಡನ್ನೇ ಬದಲಿಸುತ್ತ ಕೂರುತ್ತಾರೆ. ಹೆಸರಿಲ್ಲದ ಅನಾಮಿಕ ಖಾತೆ ಉಳಿದಿರುವ ಹಳೆಯ ಸರ್ವರ್‌ಗಳಲ್ಲಂತೂ ತಪ್ಪು ಹೆಸರಿನಿಂದಲೂ ಒಳಗೆ ಪ್ರವೇಶ ಸಿಕ್ಕಿ, ಆಮೇಲೆ ಅನುಮತಿಗಳೇ ಇಲ್ಲವೆಂದು ತಿಳಿಯುವುದುಂಟು. ಅಂಥಲ್ಲಿ 'ಯೂಸರ್' ಫಂಕ್ಷನ್ ನೀವು ಕೊಟ್ಟ ಹೆಸರನ್ನು ತೋರಿಸಿದರೆ, 'ಕರೆಂಟ್ ಯೂಸರ್' ಫಂಕ್ಷನ್ ಸರ್ವರ್ ನಿಮ್ಮನ್ನು ಯಾವ ಖಾತೆಗೆ ಸೇರಿಸಿತು ಎಂಬುದನ್ನು ತೋರಿಸುತ್ತದೆ.

ಅಪ್ಲಿಕೇಶನ್‌ನಲ್ಲಿ ಹೆಸರನ್ನು ತಿದ್ದುವುದೇ ಸುಲಭ. 'ರಿನೇಮ್ ಯೂಸರ್' ಆದೇಶದಿಂದ ಖಾತೆಯ ಹೆಸರನ್ನು ಬದಲಿಸಿದರೆ ಅನುಮತಿಗಳು ಉಳಿಯುತ್ತವೆ, ನಿಜ. ಆದರೆ ಹಳೆಯ ಹೆಸರು 'ಡಿಫೈನರ್' (ರಚಿಸಿದವರೆಂದು ದಾಖಲಾದ ಖಾತೆ) ಆಗಿರುವ ವ್ಯೂಗಳು (ಉಳಿಸಿಟ್ಟ ಕ್ವೆರಿಗಳು) ಮತ್ತು ಸ್ಟೋರ್ಡ್ ಪ್ರೊಸೀಜರ್‌ಗಳು (ಸರ್ವರ್‌ನಲ್ಲೇ ಉಳಿಸಿಟ್ಟ ಆದೇಶಗಳ ಗುಚ್ಛಗಳು) ತಾವಾಗಿ ಬದಲಾಗುವುದಿಲ್ಲ, ಅವುಗಳನ್ನು ನೀವೇ ಹುಡುಕಿ ಸರಿಪಡಿಸಬೇಕು.

ಮರುಪ್ರಶ್ನೆ: ಧನ್ಯವಾದಗಳು, ಹೆಸರು ತಿದ್ದಿದ ಮೇಲೆ ಸಂಪರ್ಕ ಸಿಕ್ಕಿತು. ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲೂ ಇದೇ ನಿಯಮವೇ?

ಉತ್ತರ: ಹೋಲಿಕೆಯ ಮಟ್ಟಿಗೆ ಹೌದು: ಅಲ್ಲಿಯೂ ಬಳಕೆದಾರ ಹೆಸರಿಗೆ ಅಕ್ಷರಭೇದವಿದೆ, ಹೋಸ್ಟ್ ಹೆಸರಿಗಿಲ್ಲ. ತೊಡಕಿರುವುದು ಹೆಸರನ್ನು ದಾಖಲಿಸುವ ಹಂತದಲ್ಲಿ. ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ (") ಹಾಕದೆ, ಖಾತೆ ರಚಿಸುವ 'ಕ್ರಿಯೇಟ್ ರೋಲ್' ಆದೇಶ ಕೊಟ್ಟರೆ ನೀವು ದೊಡ್ಡಕ್ಷರದಲ್ಲಿ ಬರೆದ ಹೆಸರೂ ಸಣ್ಣಕ್ಷರಗಳಿಗೆ ಇಳಿದು ದಾಖಲಾಗುತ್ತದೆ. ಆದರೆ ಲಾಗಿನ್ ಆಗುವಾಗ ಕೊಡುವ ಹೆಸರು ಹಾಗೆ ಇಳಿಯುವುದಿಲ್ಲ, ಕೊಟ್ಟಂತೆಯೇ ಹೋಲಿಕೆಗೆ ಹೋಗುತ್ತದೆ. ಹೀಗಾಗಿ ಆದೇಶದಲ್ಲಿ ಬರೆದ ಅದೇ ಹೆಸರನ್ನು ಲಾಗಿನ್‌ನಲ್ಲಿ ಕೊಟ್ಟರೂ ಪ್ರವೇಶ ಸಿಗದಿರಬಹುದು. ಎರಡೂ ಕಡೆ ಸಣ್ಣಕ್ಷರಗಳನ್ನೇ ಬಳಸಿದರೆ ಈ ತೊಡಕು ಬರುವುದಿಲ್ಲ.