ಪುಟ್ಟಿ, ತಡವರಿಸ್ತಾಳೆ ಅಂತ ಟ್ಯೂಷನ್‌ಗೆ ಓಡ್ಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ ಕಣೇ. ಮಗಳು ಎರಡನೇ ಕ್ಲಾಸ್‌ಗೆ ಬಂದ್ರೂ ಕನ್ನಡ ಓದುವಾಗ ಒಂದೊಂದೇ ಅಕ್ಷರ ಕೂಡಿಸ್ಕೊಂಡು ತಡವರಿಸ್ತಾಳೆ, ಜೊತೆ ಮಕ್ಕಳೆಲ್ಲ ಪಟಪಟ ಓದ್ತಾರೆ, ಟ್ಯೂಷನ್‌ಗೆ ಹಾಕ್ಲಾ ಅಂತ ಕೇಳಿದೀಯ. ನಂಗೆ ಟೈಪ್ ಮಾಡೋಕೆ ಬೆರಳು ಓಡಲ್ಲ, ಮೈಕ್ ಒತ್ಕೊಂಡು ಮಾತಾಡ್ತಿದೀನಿ, ಅದೇ ಅಕ್ಷರ ಆಗಿ ಬರುತ್ತೆ, ತಪ್ಪು ಬಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳ್ಳಿ.

ನೋಡು, ತಡವರಿಸೋ ಮಗೂಗೆ ಹೆದರ್ಬೇಡ, ಪಟಪಟ ಓದೋ ಮಗೂಗೆ ಹೆದರು. ನಮ್ಮ ಚಿಕ್ಕ ಮೈದುನನ ಮಗನ ಕಥೆ ನಿಮಗೆಲ್ಲ ಗೊತ್ತೇ ಇದೆ, ಅವನೂ ಈ ಗ್ರೂಪಲ್ಲೇ ಇದಾನೆ, ಕೇಳಿಸ್ಕೊಳ್ಳಲಿ ಬಿಡಿ, ಈಗೇನು ದೊಡ್ಡ ಆಫೀಸರು. ಮೂರನೇ ಕ್ಲಾಸ್ ಮುಗ್ಸಿ ರಜಕ್ಕೆ ನಮ್ಮನೆಗೆ ಬಂದಿದ್ದ. ಅವರಮ್ಮ ಹೇಳಿ ಕಳ್ಸಿದ್ಲು, ಅಕ್ಕಾ ಓದಿನ ಚಿಂತೆ ಇಲ್ಲ, ಪಾಠ ಎಲ್ಲ ನೀರು ಕುಡ್ದಂಗೆ ಓದ್ತಾನೆ, ಲೆಕ್ಕ ಒಂಚೂರು ಹೇಳ್ಕೊಡಿ ಅಂತ. ಒಂದಿನ ಸಂಜೆ ಪುಸ್ತಕ ಕೊಟ್ಟು ಓದಪ್ಪ ಅಂದೆ. ಏನು ಓದ್ದ ಅಂತೀರಿ, ರಾಗ ಏನು, ನಿಲ್ಲಿಸೋ ಕಡೆ ನಿಲ್ಲಿಸೋದೇನು, ಎಲ್ಲಾ ಅವರ ಮಿಸ್ಸು ಓದ್ದಂಗೇ, ಬೆರಳೂ ಸಾಲಿನ ಕೆಳಗೆ ಓಡ್ತಾ ಇದೆ. ಪುಟ ತಿರುಗಿಸ್ದ, ಮುಂದಕ್ಕೆ ಹೋದ. ನಾನು ಪಕ್ಕದಿಂದ ಇಣುಕಿ ನೋಡ್ತೀನಿ, ಗೋಂದು ಬಿದ್ದು ಎರಡು ಹಾಳೆ ಅಂಟ್ಕೊಂಡಿವೆ, ನಡುವೆ ಎರಡು ಪುಟ ಕಾಣ್ಸೋದೇ ಇಲ್ಲ, ಈ ಮಹರಾಯ ಮಾತ್ರ ಒಳಗೆ ಸಿಕ್ಕಾಕೊಂಡಿರೋ ಆ ಪುಟಾನೇ ಓದ್ತಾ ಇದಾನೆ! ಒಂದಕ್ಷರ ತಪ್ಪಿಲ್ದೆ! ಕಣ್ಮುಂದೆ ಇರೋದು ಬೇರೆ, ಬಾಯಲ್ಲಿ ಬರ್ತಿರೋದು ಬೇರೆ.

ಎದೆ ಧಸಕ್ ಅಂತು ನಂಗೆ. ಒಂದನೇ ಕ್ಲಾಸಿನ ಪುಸ್ತಕ ತೆಗ್ದೆ. ಹೂವಿನ ಚಿತ್ರ, ಕೆಳಗೆ ಕಮಲ ಅಂತ ಮೂರಕ್ಷರ, ಒತ್ತಿಲ್ಲ ದೀರ್ಘ ಇಲ್ಲ. ತಾವರೆ ಅಂದ. ಚಿತ್ರ ಕೈಲಿ ಮುಚ್ಚಿ ಈಗ ಓದು ಅಂದೆ, ಸುಮ್ನೆ ನನ್ನ ಮುಖ ನೋಡ್ದ. ಅಲ್ಲೀವರೆಗೆ ಚಿತ್ರ ನೋಡ್ಕೊಂಡು, ಪಕ್ಕದವರ ದನಿ ಕೇಳ್ಕೊಂಡು ದಾಟಿಸ್ಕೊಂಡು ಬಂದಿದ್ದ ಅಷ್ಟೇ. ದಡ್ಡ ಅಲ್ಲ ರೀ, ದಡ್ಡ ಆಗಿದ್ರೆ ಅಷ್ಟೊಂದು ಬಾಯಿಪಾಠ ಬರ್ತಿತ್ತಾ? ನೆನಪಿನ ಶಕ್ತಿ ಜಾಸ್ತಿ ಇದ್ದಿದ್ದೇ ಅವನಿಗೆ ಮುಳುವಾಯ್ತು. ಶಾಲೇಲಿ ಎಲ್ಲರನ್ನೂ ಒಟ್ಟಿಗೆ ಕೂಗ್ಸೋರು, ಒಬ್ಬೊಬ್ಬರನ್ನೇ ನಿಲ್ಸಿ ನೋಡದ ಸಾಲು ಓದ್ಸಿದ್ರೆ ತಾನೆ ಗೊತ್ತಾಗೋದು.

ಕನ್ನಡ ಅಂದ್ರೆ 49 ಅಕ್ಷರ, ಕಲ್ತ್ರೆ ಮುಗೀತು ಅಂದ್ಕೊಂಡಿದೀರ ನೀವೆಲ್ಲ. ಕಾಗುಣಿತ ಸೇರಿದ್ರೆ ಮಗು ಗುರುತು ಹಿಡೀಬೇಕಾದ್ದು 400 ದಾಟುತ್ತೆ, ಒತ್ತಕ್ಷರ ಅದರ ಮೇಲೆ. ಗ ಒತ್ತು ದ ಒತ್ತು ಪರವಾಗಿಲ್ಲ, ತಲೆಕಟ್ಟು ಬಿಟ್ರೆ ಅದೇ ಅಕ್ಷರ, ನೋಡಿದ್ರೆ ಗೊತ್ತಾಗುತ್ತೆ. ತ ನ ಮ ಯ ರ ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆನೇ ಇಲ್ಲ. ಅರ್ಕಾವತ್ತಂತೂ ಕೇಳ್ಲೇಬೇಡಿ, ಸೂರ್ಯ ಅಂತ ಬರೆಯೋವಾಗ ರಕಾರ ಹಿಂದೆ ಕೂತಿರುತ್ತೆ, ಓದೋವಾಗ ಮುಂಚೆ ಬರ್ಬೇಕು. ಎರಡನೇ ಕ್ಲಾಸ್ ಕೂಸು ಅಲ್ಲಿ ನಿಂತು ಯೋಚ್ನೆ ಮಾಡ್ದೆ ಇನ್ನೇನು ಮಾಡುತ್ತೆ? ಸೋನಾಲಿ ನಾಗ್ ಅನ್ನೋರು ಕನ್ನಡ ಓದೋ ಮಕ್ಕಳನ್ನೇ ನೋಡಿ 2007ರಲ್ಲಿ ಬರೆದಿದಾರೆ, ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರ ಕೈವಶ ಆಗೋದು ಬಹಳ ನಿಧಾನ ಅಂತ. ನಿನ್ನ ಮಗಳು ತಡವರಿಸ್ತಿದಾಳೆ ಅಂದ್ರೆ ಅಕ್ಷರ ನೋಡ್ತಿದಾಳೆ ಅಂತ ಅರ್ಥ, ಅದು ಓದು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ತಡವರಿಸೋ ಮಗೂಗೆ ಹೆದರ್ಬೇಡ, ಪಟಪಟ ಓದೋ ಮಗೂಗೆ ಹೆದರು.

ಇದನ್ನೇ ಆವತ್ತು ಅವರಪ್ಪನಿಗೆ ಹೇಳಿದ್ದಕ್ಕೆ ಏನಂದ ಗೊತ್ತಾ, ಅತ್ತಿಗೆ ನೀವು ಅ ಆ ಇ ಈ ಹೇಳ್ಕೊಡೋರು, ನಿಮಗೆ ಎಲ್ಲ ಮಕ್ಕಳೂ ಒಂದನೇ ಕ್ಲಾಸ್ ಥರಾನೇ ಕಾಣ್ತಾರೆ ಅಂತ. ನಿಮ್ಮ ದೊಡ್ಡಪ್ಪ ಹೈಸ್ಕೂಲ್ ಅಂತ ನೆಂಟರೆಲ್ಲ ಮೇಷ್ಟ್ರೇ ಮೇಷ್ಟ್ರೇ ಅಂತ ಎದ್ದು ನಿಲ್ಲೋರು, ನನ್ನ ನೋಡಿದ್ರೆ, ನಿಮಗೇನ್ರೀ ಮಕ್ಕಳ ಆಡಿಸ್ಕೊಂಡು ಸಂಬಳ ಅನ್ನೋರು. ಆ ಹೈಸ್ಕೂಲ್ ಮಕ್ಕಳಿಗೆ ಮೊದ್ಲು ಓದೋಕೆ ಕಲ್ಸಿದ್ದು ಯಾರು ಸ್ವಾಮಿ? ಈಗ್ಲೂ ಅಷ್ಟೇ, ಷೇರ್ ಮಾರ್ಕೆಟ್ ಅಂದ್ರೆ ಒಬ್ಬರನ್ನ ಕೇಳ್ತೀರ, ಬಿಪಿ ಮಾತ್ರೆ ಅಂದ್ರೆ ಇನ್ನೊಬ್ಬರನ್ನ, ನಾನು ಗುಡ್ ಮಾರ್ನಿಂಗ್ ಹಾಕಿದ್ರೆ ಹೆಬ್ಬೆಟ್ಟು ಒತ್ತೋಕೂ ಯಾರೂ ಇಲ್ಲ. ಅವನು ಏನಾದ್ರೂ ಅನ್ಲಿ ಅಂತ ನಾನು ಆ ರಜ ಪೂರ್ತಿ ಲೆಕ್ಕ ಪಕ್ಕಕ್ಕಿಟ್ಟು ಹುಡುಗನ್ನ ಅಕ್ಷರಕ್ಕೇ ಕೂರಿಸ್ಕೊಂಡೆ, ಅದನ್ನ ಇವತ್ತಿನವರೆಗೆ ಒಬ್ರೂ ನೆನೆಸಿಲ್ಲ. ಇರ್ಲಿ.

ಅಯ್ಯೋ, ನೀನು ಕೇಳಿದ್ದು ಏನು ಮಾಡ್ಲಿ ಅಂತ, ಅದನ್ನೇ ಹೇಳ್ಲಿಲ್ಲ. ದಿನಾ ಹತ್ತು ನಿಮಿಷ ಸಾಕು, ಆದ್ರೆ ಶಾಲೆ ಪಾಠ ಬೇಡ, ಅದು ಕಿವಿಗೆ ಬಿದ್ದು ಹೋಗಿರುತ್ತೆ. ಅವಳಿಗೆ ಬರೋ ಅಕ್ಷರದಲ್ಲೇ ಹೊಸ ಪದ ಬರ್ಕೊಡು. ಸರ್ಕಾರಿ ಶಾಲೆ ಚಿಕ್ಕ ಮಕ್ಕಳ ನಲಿಕಲಿ ಪಾಠದಲ್ಲಿ ಅ ಆ ಇಂದ ಶುರು ಮಾಡಲ್ಲ ನೋಡಿ, ರ ಗ ಸ ದ ಅ, ಐದೇ ಅಕ್ಷರ, ಸರ ಅರಸ ಅಗಸ ಗರಗಸ ಎಲ್ಲ ಬಂದ್ಬಿಡುತ್ತೆ. ಮಧ್ಯೆ ಮಧ್ಯೆ ರದಗಸ, ದಗಸ ಅಂತ ಅರ್ಥ ಇಲ್ದಿರೋದೂ ಬರಿ, ಅದನ್ನ ಊಹೆ ಮಾಡಿ ಓದೋಕಾಗಲ್ಲ, ಅಕ್ಷರ ನೋಡ್ಲೇಬೇಕು. ನಿಂತ್ರೆ ತಕ್ಷಣ ಬಾಯಿ ಹಾಕ್ಬೇಡ, ಮನಸಲ್ಲೇ ಐದು ಎಣಿಸು, ಆಮೇಲೆ ಸಿಕ್ಕಾಕೊಂಡಿರೋ ಅಕ್ಷರ ಒಂದನ್ನೇ ತೋರ್ಸು, ಪದ ಹೇಳ್ಬಿಡ್ಬೇಡ. ಸಾಲು ಮುಗಿದ ಮೇಲೆ ಅದನ್ನೇ ಇನ್ನೊಂದ್ಸಲ ಓದ್ಸು, ಎರಡನೇ ಸಲ ತಾನೇ ಸರಾಗ ಬರುತ್ತೆ, ಆಮೇಲೆ ಏನು ಹೇಳಿದೆ ಇದ್ರಲ್ಲಿ ಅಂತ ಕೇಳು. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋರು ಒಂದು ಲೆಕ್ಕ ಹೇಳಿದ್ರು, ಅಕ್ಷರ ಬಿಡಿಸೋದು, ಮಾತು ಅರ್ಥ ಆಗೋದು, ಎರಡನ್ನ ಗುಣಿಸಿದ್ರೆ ಬರೋದೇ ಓದು, ಒಂದು ಸೊನ್ನೆ ಆದ್ರೂ ಉತ್ತರ ಸೊನ್ನೆ. ನಮ್ಮ ಆಫೀಸರಿಗೆ ಅರ್ಥ ಎಲ್ಲ ಆಗ್ತಿತ್ತು, ಅಕ್ಷರದ ಕಡೆ ಸೊನ್ನೆ ಇತ್ತು. ಅದಕ್ಕೆ ರಾತ್ರಿ ಮಲಗೋ ಮುಂಚೆ ನೀನು ಅವಳಿಗೆ ಕಥೆ ಓದಿ ಹೇಳೋದು ನಿಲ್ಲಿಸ್ಬೇಡ, ಮಾತಿನ ಕಡೆ ಅದು ಬೆಳೆಸುತ್ತೆ.

ಕಣ್ಣು, ಕಿವಿ ಎರಡೂ ಒಂದ್ಸಲ ಡಾಕ್ಟರಿಗೆ ತೋರ್ಸು. ಇಷ್ಟೆಲ್ಲ ಮಾಡಿದ ಮೇಲೂ ಒತ್ತಿಲ್ಲದ ಅಕ್ಷರಕ್ಕೇ ತಿಂಗಳುಗಟ್ಟಲೆ ನಿಲ್ತಾ ಇದ್ರೆ ಆಗ ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚೆನ್ನಾಗಿದ್ರೂ ಓದೋಕೆ ಕಷ್ಟ ಆಗೋ ತೊಂದ್ರೆ, ಅದು ಗೊತ್ತಿರೋರ ಹತ್ರ ಹೋಗೋಣ, ಟ್ಯೂಷನ್ ಅಲ್ಲ. ಈಗ ಅವಳು ನೋಡೇ ಇಲ್ದಿರೋ ಒಂದು ಪುಟ ಓದ್ಸಿ ರೆಕಾರ್ಡ್ ಮಾಡಿ ನಂಗೆ ಕಳ್ಸು, ನನ್ನ ನಂಬರಿಗೆ, ಗ್ರೂಪಿಗೆ ಹಾಕ್ಬೇಡ, ಮಗು ನಾಚ್ಕೊಳ್ಳುತ್ತೆ.