ಪ್ರಾಸ್ಟೇಟ್ ಸೋಂಕು: ಜ್ವರ ಬಿಟ್ಟಿತು, ಮಾತ್ರೆ ಬಿಡಬಹುದೇ?

ಪ್ರಶ್ನೆ: ವಯಸ್ಸು 52, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ. ಹುತ್ತರಿ ಮುಗಿದ ವಾರವೇ ಚಳಿಜ್ವರ, ಉರಿಮೂತ್ರ, ಕಿಬ್ಬೊಟ್ಟೆಯಲ್ಲಿ ನೋವು. ಮಡಿಕೇರಿಯಲ್ಲಿ ಪ್ರಾಸ್ಟೇಟ್ ಗ್ರಂಥಿಗೆ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವುದು) ಬ್ಯಾಕ್ಟೀರಿಯಾ ಸೋಂಕು ಎಂದು ಹೇಳಿ ನಾಲ್ಕು ವಾರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದರು. ಐದೇ ದಿನಕ್ಕೆ ಗುಣವಾದೆ. ಇಂದಿಗೆ ಹನ್ನೆರಡು ದಿನ. ಕೊಯ್ಲಿನ ಗಡಿಬಿಡಿ, ನಿಲ್ಲಿಸಲೇ? ಪಿಎಸ್‌ಎ (ಪ್ರಾಸ್ಟೇಟ್ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) 18 ಬಂದಿರುವುದರಿಂದ ಮನೆಯಲ್ಲಿ ಕ್ಯಾನ್ಸರ್ ಎಂಬ ಭಯವೂ ಇದೆ.

ವೈದ್ಯರು: ನಿಲ್ಲಿಸಬೇಡಿ. ಜ್ವರ ಇಳಿಯುವುದು ಬೇಗ, ಗ್ರಂಥಿ ಶುದ್ಧವಾಗುವುದು ನಿಧಾನ. ಅದರೊಳಗೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಅಳಿದುಳಿದ ಬ್ಯಾಕ್ಟೀರಿಯಾ ಮತ್ತೆ ತಲೆಯೆತ್ತುತ್ತದೆ. ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಸಂಪೂರ್ಣ ಗುಣವಾಗುತ್ತಾರೆ, ಕೆಲವರಿಗಷ್ಟೇ ಅದು ದೀರ್ಘಕಾಲದ ಸೋಂಕಾಗಿ ಉಳಿಯುತ್ತದೆ. ಕೊನೆಯ ಮಾತ್ರೆಯಾಗಿ ಒಂದು ವಾರಕ್ಕೆ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಇದೆಯೇ, ಯಾವುದು ಎಂದು ನೋಡುವ ಪರೀಕ್ಷೆ) ಮಾಡಿಸಿ.

ಪಿಎಸ್‌ಎ ಬಗ್ಗೆ: ಸೋಂಕಿರುವಾಗ ಆ ಅಂಕಿ ಏರುವುದು ಸಹಜ. ಸೋಂಕು ಹತೋಟಿಗೆ ಬಂದು ಆರರಿಂದ ಎಂಟು ವಾರ ಕಳೆದ ಮೇಲೆ ಮತ್ತೆ ನೋಡಿಸಿ. ಆಗಲೂ ಇಳಿಯದಿದ್ದರೆ ಮೂತ್ರರೋಗ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ಈ ವರದಿಯನ್ನು ಬೀರುವಿನಲ್ಲಿಡಿ.

ಇನ್ನು ನೀವು ಕೇಳದ ಒಂದು ವಿಷಯ. ಕೊಡಗಿನಲ್ಲಿ ಕಾಫಿ ಬಿಡಿ ಎಂದರೆ ಜನ ಡಾಕ್ಟರನ್ನೇ ಬಿಡುತ್ತಾರೆ, ಆದರೂ ಹೇಳಲೇಬೇಕು. ಈ ಮಾತ್ರೆ ಕೆಫೀನ್ ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ. ಎರಡು ಲೋಟ ಕುಡಿದರೂ ನಾಲ್ಕು ಕುಡಿದಂತೆ ಎದೆಬಡಿತ, ನಿದ್ರೆಗೇಡು. ಮೇಲಾಗಿ ಹಾಲಿನಲ್ಲಿರುವ ಕ್ಯಾಲ್ಸಿಯಂ ಈ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಎರಡು ಗಂಟೆಯಾದ ಮೇಲೆ ಅರ್ಧ ಲೋಟ ಸಾಕು. ಈ ಮಾತ್ರೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ನೋವು ಬಂದರೆ ತೋಟದ ಇಳಿಜಾರು ಹತ್ತಿಳಿಯುವುದನ್ನೂ ಮಾತ್ರೆಯನ್ನೂ ನಿಲ್ಲಿಸಿ, ಅಂದೇ ಡಾಕ್ಟರಿಗೆ ತಿಳಿಸಿ. ಬೇರೆ ಔಷಧ ಕೊಡುತ್ತಾರೆ.

ಇನ್ನೊಬ್ಬರು, ವಿರಾಜಪೇಟೆ: ನನಗೆ ಸಕ್ಕರೆ ಕಾಯಿಲೆ, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಇದೇ ಸೋಂಕು ವರ್ಷದಲ್ಲಿ ಮೂರನೇ ಬಾರಿ. ಹೆಂಡತಿಗೆ ಹರಡುತ್ತದೆಯೇ?

ವೈದ್ಯರು: ಸಾಮಾನ್ಯವಾಗಿ ಕಾರಣ ಕರುಳಿನ ಇ. ಕೊಲಿ, ಅದು ಹಾಗೆ ಹರಡುವ ರೋಗವಲ್ಲ. ಹಳೆಯ ಕಲ್ಚರ್ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಪ್ರತಿ ಬಾರಿಯೂ ಅದೇ ಬ್ಯಾಕ್ಟೀರಿಯಾ ಇದ್ದರೆ ಅದು ಗ್ರಂಥಿಯಲ್ಲೇ ಬೀಡುಬಿಟ್ಟಿರಬಹುದು. ಆಗ ಔಷಧ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಮೂತ್ರ ಪೂರ್ತಿ ಖಾಲಿಯಾಗುತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸಿ. ಸಿಪ್ರೊಫ್ಲಾಕ್ಸಾಸಿನ್ ಜೊತೆ ಗ್ಲಿಮೆಪಿರೈಡ್ ಸೇರಿದರೆ ಸಕ್ಕರೆ ದಿಢೀರ್ ಕುಸಿಯಬಹುದು, ಆದ್ದರಿಂದ ಗ್ಲುಕೋಮೀಟರ್ ಕೈಯಲ್ಲಿರಲಿ. ಔಷಧ ನಡೆಯುತ್ತಿರುವಾಗಲೇ ಜ್ವರ ಮರಳಿದರೆ ಅಥವಾ ಮೂತ್ರ ಕಟ್ಟಿದರೆ ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಗ್ರಂಥಿಯೊಳಗೆ ಕೀವುಗಟ್ಟುವ ಸಂಭವ ಹೆಚ್ಚು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಮೊದಲು ಕೇಳಿದವರು: ನಾನು ಇಷ್ಟು ದಿನ ಮಾತ್ರೆ ನುಂಗಿದ್ದೇ ಹಾಲಿನ ಕಾಫಿಯಲ್ಲಿ.

ವೈದ್ಯರು: ಊಹಿಸಿದ್ದೆ. ಬರೆದುಕೊಟ್ಟ ಡಾಕ್ಟರಿಗೆ ಅದನ್ನು ನಾಳೆಯೇ ಹೇಳಿ. ಕಲ್ಚರ್ ಅಂತೂ ತಪ್ಪಿಸಬೇಡಿ.