ಸ್ಪೀಚ್ ಥೆರಪಿ ಕ್ಲೈಮ್ ತಿರಸ್ಕಾರ: ಮುಂದೇನು?

ತುಮಕೂರಿನ ಅಮ್ಮ: ಮಗನಿಗೆ 4 ವರ್ಷ, ಆಟಿಸಂ. ವಾರಕ್ಕೆ 3 ಸಲ ಸ್ಪೀಚ್ ಥೆರಪಿ. ‘ಒಪಿಡಿ ಖರ್ಚು’ (ಆಸ್ಪತ್ರೆಗೆ ದಾಖಲಾಗದೆ ಪಡೆಯೋ ಚಿಕಿತ್ಸೆಯ ಖರ್ಚು) ಅಂತ ಇನ್ಶೂರೆನ್ಸ್‌ನವರು ಕ್ಲೈಮ್ ತಳ್ಳಿಹಾಕಿದ್ದಾರೆ. ಬೇರೆ ದಾರಿ ಇದೆಯಾ?

ಉತ್ತರ 1: ಪಾಲಿಸಿಯಲ್ಲಿ ಒಪಿಡಿ ಕವರ್ ಇದೆಯಾ ನೋಡಿ ಮೇಡಂ. ಇದ್ದೂ ತಳ್ಳಿದ್ದರೆ ಬಿಲ್ ತೆಗೆದು ನೋಡಿ. ಬರೀ ‘ಥೆರಪಿ ಶುಲ್ಕ’ ಅಂತಿದ್ರೆ ಸಾಲದು. ಒಂದೊಂದು ಸೆಷನ್‌ನ ದಿನಾಂಕ, ಆಟಿಸಂ ಸೂಚಿಸೋ ಎಫ್84.0 ಕೋಡ್, ಥೆರಪಿಸ್ಟ್ ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಬರೆಸಿ, ಡಾಕ್ಟರ್ ಚೀಟಿ ಲಗತ್ತಿಸಿ.

ಉತ್ತರ 2: ಕವರ್ ಇಲ್ಲದಿದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆ ಮಾಡಿಸಿ. 1 ಲಕ್ಷದವರೆಗೆ ವಿಮೆ. ಥೆರಪಿಯೂ ಸೇರುತ್ತೆ, ಅದಕ್ಕೆ ಒಳಮಿತಿ ಉಂಟು. ಅಂಗವಿಕಲ ಪ್ರಮಾಣಪತ್ರ ಬೇಕೇಬೇಕು, ಅದಕ್ಕೆ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಇವತ್ತೇ ಹಾಕಿ. ದಯವಿಟ್ಟು ಥೆರಪಿ ಮಾತ್ರ ನಿಲ್ಲಿಸಬೇಡಿ, ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆ ತೊಂದರೆಗಳಿಗೆ ಆರಂಭದಲ್ಲೇ ನೆರವಾಗೋ ಕೇಂದ್ರ) ವಿಚಾರಿಸಿ.

ಉತ್ತರ 3: ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆ ದೂರು ಕೇಳೋ ಅಧಿಕಾರಿ) ಹೋಗಿ, ಶುಲ್ಕವಿಲ್ಲ.